ಎಫ್‌ಪಿಎಸ್ 80 ಬರುತ್ತೆ, ಆದರೂ ಗೇಮ್ ಜರ್ಕ್ ಹೊಡೆಯುತ್ತೆ: ಮೊದಲು ಏನು ಬದಲಿಸಲಿ?

ಪ್ರಶ್ನೆ:
ನನ್ನ ಪಿಸಿ: ರೈಜನ್ 5 2600 ಸಿಪಿಯು, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್ ಸ್ಟಿಕ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 1080ಪಿ 144 ಹರ್ಟ್ಸ್ ಮಾನಿಟರ್. ಗೇಮ್‌ಗಳೆಲ್ಲ ಎಸ್‌ಎಸ್‌ಡಿಯಲ್ಲೇ ಇವೆ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) 80ರ ಆಸುಪಾಸು, ಆದರೆ ಗೇಮಿನಲ್ಲಿ ಜನಸಂದಣಿ ಇರೋ ಜಾಗಕ್ಕೆ ಹೋದ ಕೂಡಲೇ ಜರ್ಕ್. ಆಗ ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ 55–60%. ಸೆಟ್ಟಿಂಗ್ಸ್ ಲೋಗೆ ಇಳಿಸಿದರೂ ಅಷ್ಟೇ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋಗುತ್ತಾ?

ಉತ್ತರ 1:
ಇಲ್ಲ. ಸೆಟ್ಟಿಂಗ್ಸ್ ಇಳಿಸಿದರೂ ಎಫ್‌ಪಿಎಸ್ ಏರಲಿಲ್ಲ, ಜಿಪಿಯು ಅರ್ಧ ಸುಮ್ಮನೆ ಕೂತಿದೆ ಅಂದರೆ ಅದಕ್ಕೆ ಕೆಲಸ ಒದಗಿಸೋ ಸಿಪಿಯು, ರ‍್ಯಾಮ್ ಹಿಂದೆ ಬಿದ್ದಿವೆ. ಜಿಪಿಯು 95% ದಾಟಿ ನಿಂತಾಗ ಕಾರ್ಡಿನ ಮಾತು. ಒಟ್ಟು ಸಿಪಿಯು 50% ತೋರಿಸಿದರೆ ನಂಬಬೇಡಿ, ಗೇಮಿನ ಮುಖ್ಯ ಥ್ರೆಡ್ (ಕೆಲಸದ ಸರಣಿ) ಒಂದೇ ಕೋರನ್ನು ಅರೆಯುತ್ತಿರಬಹುದು. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಫ್ರೇಮ್‌ಟೈಮ್ (ಒಂದೊಂದು ಫ್ರೇಮಿಗೆ ಹಿಡಿಯೋ ಸಮಯ) ಗ್ರಾಫ್ ಹಾಕಿಕೊಳ್ಳಿ. 80 ಎಫ್‌ಪಿಎಸ್ ಅಂದರೆ ಫ್ರೇಮಿಗೆ 12.5 ಮಿಲಿಸೆಕೆಂಡ್. ನಡುವೆ ಒಂದೇ ಫ್ರೇಮ್ 60 ಮಿಲಿಸೆಕೆಂಡ್ ತಗೊಂಡರೆ ಸರಾಸರಿಯಲ್ಲಿ ಗೊತ್ತೇ ಆಗಲ್ಲ, ಕಣ್ಣಿಗೆ ಹೊಡೆಯುತ್ತೆ.

ಮೊದಲ ಅನುಮಾನ ರ‍್ಯಾಮ್ ಮೇಲೆ. 8 ಜಿಬಿ ತುಂಬಿದರೆ ವಿಂಡೋಸ್ ಪೇಜ್‌ಫೈಲ್ ಹಿಡಿಯುತ್ತೆ, ಅಂದರೆ ರ‍್ಯಾಮ್ ಬದಲು ನಿಧಾನದ ಎಸ್‌ಎಸ್‌ಡಿ ಬಳಸುತ್ತೆ. ಒಂದೇ ಸ್ಟಿಕ್ ಆದ್ದರಿಂದ ಬ್ಯಾಂಡ್‌ವಿಡ್ತ್ (ಡೇಟಾ ಹರಿಯೋ ದಾರಿ) ಕೂಡ ಎರಡು ಸ್ಟಿಕ್ ಇದ್ದಾಗಿನ ಅರ್ಧ. ಒಂದೇ ಪ್ಯಾಕಿನ 8+8 ಜಿಬಿ, 3200 ವೇಗದ ಕಿಟ್ ತಗೊಳ್ಳಿ. ನಾಲ್ಕು ಸ್ಲಾಟ್ ಇದ್ದರೆ ಸಿಪಿಯು ಕಡೆಯಿಂದ 2 ಮತ್ತು 4ನೇದಕ್ಕೆ ಹಾಕಿ.

ಉತ್ತರ 2:
ರ‍್ಯಾಮ್ ಆದ ಮೇಲೂ ಜರ್ಕ್ ಉಳಿದರೆ ರೈಜನ್ 5 5600 ಹಾಕಿ, ಬೋರ್ಡ್ ಅದೇ ಸಾಕು. ಹಳೇ ಸಿಪಿಯು ಇರುವಾಗಲೇ ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು, ಇಲ್ಲದಿದ್ದರೆ ಹೊಸದು ಹಾಕಿದಾಗ ಸ್ಕ್ರೀನ್ ಕಪ್ಪು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆನ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಸಿಪಿಯು ಬದಲಾದರೆ ಎಫ್‌ಟಿಪಿಎಂ (ಸಿಪಿಯು ಒಳಗೆ ಭದ್ರತಾ ಕೀ ಇಡೋ ಭಾಗ) ರೀಸೆಟ್ ಆಗುತ್ತೆ, ವಿಂಡೋಸ್ ಆ ರಿಕವರಿ ಕೀ ಕೇಳುತ್ತೆ.

ಎಎಂ4ರಲ್ಲಿ (ಈ ಬೋರ್ಡಿನ ಸಿಪಿಯು ಸಾಕೆಟ್) ಜಾಸ್ತಿ ಜನ ಎಡವೋದು ಕೂಲರ್ ತೆಗೆಯುವಾಗ. ಪಿನ್ ಇರೋದು ಸಿಪಿಯು ತಳದಲ್ಲಿ, ಸಿಪಿಯು-ಕೂಲರ್ ನಡುವೆ ಒಣಗಿದ ಥರ್ಮಲ್ ಪೇಸ್ಟ್ ಗೋಂದಿನ ಹಾಗೆ ಹಿಡಿದಿರುತ್ತೆ. ನೇರ ಮೇಲಕ್ಕೆ ಎಳೆದರೆ ಲಿವರ್ ಲಾಕ್ ಆಗಿದ್ದರೂ ಸಿಪಿಯು ಸಾಕೆಟ್‌ನಿಂದ ಕಿತ್ತು ಬರುತ್ತೆ, ಪಿನ್ ಬಾಗುತ್ತೆ. 15 ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ, ಶಟ್‌ಡೌನ್ ಮಾಡಿ ಪವರ್ ಕೇಬಲ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರ್ ಅನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಜಾರಲು ಶುರುವಾದ ಮೇಲಷ್ಟೇ ಎತ್ತಿ. ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚೋದು ಮರೆಯಬೇಡಿ.

ಉತ್ತರ 3:
ದುಡ್ಡು ಹಾಕುವ ಮೊದಲು ಇನ್ನೊಂದು ನೋಡಿ. ಡೆಸ್ಕ್‌ಟಾಪ್‌ನಲ್ಲೂ ಆಗೊಮ್ಮೆ ಈಗೊಮ್ಮೆ ಮೌಸ್, ಆಡಿಯೋ ಒಟ್ಟಿಗೆ ತಡವರಿಸಿದರೆ ಅದು ಎಫ್‌ಟಿಪಿಎಂ ತೊಂದರೆ ಇರಬಹುದು. 2022ರಲ್ಲಿ ಎಎಂಡಿಯೇ ಒಪ್ಪಿಕೊಂಡಿದ್ದು, ಅಜೀಸಾ (ಬಯೋಸ್ ಒಳಗಿನ ಎಎಂಡಿ ಕೋಡ್) 1.2.0.7 ಅಥವಾ ಅದಕ್ಕಿಂತ ಹೊಸದಿರೋ ಬಯೋಸ್‌ನಲ್ಲಿ ಸರಿಯಾಗಿದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಮಾನಿಟರ್ 60 ಹರ್ಟ್ಸ್‌ನಲ್ಲೇ ಕೂತಿಲ್ಲ ತಾನೇ?

ಪ್ರಶ್ನೆ ಕೇಳಿದವರು:
ಮಾನಿಟರ್ 144ರಲ್ಲೇ ಇದೆ, ಡೆಸ್ಕ್‌ಟಾಪ್‌ನಲ್ಲಿ ತೊಂದರೆ ಇಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ 7.6/7.9 ಜಿಬಿ. ರ‍್ಯಾಮ್ ವೇಗ 2400, ಆದರೆ ಸ್ಟಿಕ್ ಮೇಲೆ 3000 ಅಂತಿದೆ!

ಉತ್ತರ 1:
ಎಕ್ಸ್‌ಎಂಪಿ (ಸ್ಟಿಕ್ ಮೇಲೆ ಬರೆದ ವೇಗಕ್ಕೆ ರ‍್ಯಾಮ್ ಓಡಿಸೋ ಸೆಟ್ಟಿಂಗ್) ಆಫ್ ಇದೆ, ಬಯೋಸ್‌ನಲ್ಲಿ ಆನ್ ಮಾಡಿ. ಆದರೂ 7.6 ತುಂಬಿರುವಾಗ ಕಿಟ್ ಬೇಕೇ ಬೇಕು. ರೈಜನ್ 2600ಕ್ಕೆ ಎಎಂಡಿ ಕೊಟ್ಟಿರೋ ರ‍್ಯಾಮ್ ವೇಗದ ಮಿತಿ 2933. ಹೊಸ ಕಿಟ್ 3200ರಲ್ಲಿ ಬೂಟ್ ಆಗದಿದ್ದರೆ ಎಕ್ಸ್‌ಎಂಪಿ ಹಾಗೇ ಇಟ್ಟು ವೇಗ ಮಾತ್ರ 2933ಕ್ಕೆ ಇಳಿಸಿ. ಹಳೇ ಸ್ಟಿಕ್ ಅನ್ನು ಅದರ ಜೊತೆ ಬೆರೆಸಬೇಡಿ.