ಹಾಗೂ ಬಂಧುಮಿತ್ರರು

ಭಾನುವಾರ ಬೆಳಿಗ್ಗೆ ಮುಂಬಯಿಯ ಮುಲುಂಡಿನ ದೊಡ್ಡಪ್ಪ ಕುಟುಂಬದ ವಾಟ್ಸಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ‘ಲೆಕ್ಕಕ್ಕಿಲ್ಲದ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಒಂದೇ ಪದ, ಕನ್ನಡದಲ್ಲಿ 40! ಯುನೆಸ್ಕೊ ಒಪ್ಪಿದೆ. ನಿಜವಾದ ಕನ್ನಡಿಗರಾದರೆ ಮುಂದೆ ಕಳಿಸಿ.’ ಕೆಳಗೆ ಪಟ್ಟಿ: ಹುಲುಮಾನವ, ಬಡಪಾಯಿ, ನರಪೇತಲ, ಅಬ್ಬೇಪಾರಿ, ಮಾಮೂಲಿ, ಫಾಲ್ತು. ಅಷ್ಟೇ. ಉಳಿದ 34 ಎಲ್ಲಿ ಅಂತ ಯಾರೂ ಕೇಳಲಿಲ್ಲ. ಓದಿದ್ದರೆ ತಾನೇ ಕೇಳುವುದು? ಕೈಮುಗಿದ ಚಿತ್ರಗಳು ಮಾತ್ರ ಸಾಲಾಗಿ ಬಂದವು.

ಪುಣೆಯ ಭಾವ ಎಂದಿನಂತೆ ಒಂದೇ ಮಾತು ಬರೆದರು. ‘ಮೂಲ?’

‘ಎಲ್ಲದಕ್ಕೂ ಮೂಲ ಕೇಳುವವರು ಮನೆತನದ ಮೂಲ ಮರೆತಿರುತ್ತಾರೆ’ ಅಂದರು ದೊಡ್ಡಪ್ಪ. ಜೊತೆಗೆ ಭಾಷಾಭಿಮಾನದ ಬಗ್ಗೆ ಉದ್ದದ ಉಪದೇಶ.

ಭಾವ ಬಿಡುವವರಲ್ಲ. ಇಂಗ್ಲಿಷಿನಲ್ಲಿ ನೋಬಡಿ ಇದೆ, ನಾನ್‌ಎಂಟಿಟಿ ಇದೆ, ನಾನ್‌ಡಿಸ್ಕ್ರಿಪ್ಟ್ ಇದೆ. ಈ ಕೊನೆಯದನ್ನು 17ನೇ ಶತಮಾನದಲ್ಲಿ, ಅದುವರೆಗೆ ಯಾರೂ ವಿವರಿಸಿ ಬರೆಯದ ಗಿಡ, ಪ್ರಾಣಿಗಳಿಗೆ ಹೇಳುತ್ತಿದ್ದರಂತೆ. ಇನ್ನು ಮಾಮೂಲಿ ಬಂದದ್ದು ಅರಬ್ಬಿಯಿಂದ. ಅದನ್ನು ಹೆಮ್ಮೆಯ ಪಟ್ಟಿಗೆ ಸೇರಿಸಿದ್ದು ಯಾರು?

‘ಮಾಮೂಲು ಅಂದ್ರೆ ಲಂಚ ಅಲ್ವಾ?’ ಅಂತ ಠಾಣೆ ಅತ್ತೆ ನಡುವೆ ಬಾಯಿ ಹಾಕಿದರು. ಯಾರೂ ಉತ್ತರಿಸಲಿಲ್ಲ.

‘ಇರಬೇಕಾದ ಪದವೇ ಪಟ್ಟಿಯಲ್ಲಿಲ್ಲ’ ಅಂತ ಭಾವ ಮುಂದುವರಿಸಿದರು. ‘ಅಂಗಡಿಯ ಮರಾಠಿ ಬೋರ್ಡಿನಲ್ಲಿ ಠೋಕ್ ವ ಕಿರ್ಕೋಳ್, ಅಂದರೆ ಸಗಟು ಮತ್ತು ಚಿಲ್ಲರೆ, ಅಂತ ದಿನಾ ಓದ್ತೀರಲ್ಲ, ಆ ಕಿರ್ಕೋಳ್ ನಮ್ಮ ಕಿರುಕುಳವೇ. ಹಿಂದೆ ಕಿರುಕುಳ ಅಂದರೆ ಅಲ್ಪವಾದದ್ದು, ಕ್ಷುದ್ರವಾದದ್ದು. ಬೇಕಾದರೆ 1894ರ ಕಿಟೆಲ್ ನಿಘಂಟು ತೆಗೆದು ನೋಡಿ.’

‘ಈಗಿನ ಅರ್ಥದ ಕಿರುಕುಳ ನೀನು ಕೊಡ್ತಾ ಇದ್ದೀಯಲ್ಲ, ಸಾಕು ಮಾರಾಯ’ ಅಂದರು ದೊಡ್ಡಮ್ಮ. ಇಡೀ ಚರ್ಚೆಯಲ್ಲಿ ಜಾಸ್ತಿ ಹೆಬ್ಬೆರಳು ಸಿಕ್ಕಿದ್ದು ಇದಕ್ಕೆ. ಸುಳ್ಳು ಯಾಕೆ, ನಾನೂ ಒತ್ತಿದೆ.

ಅತ್ತೆ ವರ್ಲಿ ಸಮುದ್ರದಂಡೆಯ ಕಾಮನ್ ಮ್ಯಾನ್ ಮೂರ್ತಿಯ ಫೋಟೊ ಹಾಕಿದರು. ‘ಇವನೂ ಸಾಮಾನ್ಯನೇ. ಇವನನ್ನು ವ್ಯಂಗ್ಯಚಿತ್ರದಲ್ಲಿ ಬರೆದ ಆರ್.ಕೆ. ಲಕ್ಷ್ಮಣ್ ನಮ್ಮ ಮೈಸೂರಿನವರು. ಅಷ್ಟು ವರ್ಷ ಪೇಪರಿನಲ್ಲಿ ಬಂದರೂ ಒಂದು ಮಾತಾಡಲಿಲ್ಲ, ಅದಕ್ಕೇ ಮೂರ್ತಿ ಕಟ್ಟಿದರು. ಈ ಗುಂಪಿನಲ್ಲಿ ಯಾರಿಗೂ ಆ ಭಾಗ್ಯ ಇಲ್ಲ.’

ಅಷ್ಟರಲ್ಲಿ ಗೋವಾದಿಂದ ದೊಡ್ಡಪ್ಪನ ಮಗ ಬಂದ. ಅವನು ಬಂದರೆ ಮಾತು ಮುಂಬಯಿ ಫೋರ್ಟಿನಲ್ಲಿದ್ದ ಅಜ್ಜನ ಹೋಟೆಲಿಗೇ ಹೋಗುವುದು. ‘ಬಾಹರ್‌ವಾಲಾ ಹುಡುಗ ನೆನಪಿದ್ದಾನಾ? ತಂತಿಯ ಸ್ಟ್ಯಾಂಡಿನಲ್ಲಿ ಆರು ಗ್ಲಾಸು ಚಹಾ ಹಿಡಿದು, ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಪಕ್ಕದ ಆಫೀಸಿನ ಮೂರನೇ ಮಹಡಿ ಹತ್ತುತ್ತಿದ್ದ, ಒಂದು ಹನಿ ಚೆಲ್ಲುತ್ತಿರಲಿಲ್ಲ. ಅವನ ಹೆಸರೇನು?’

ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಕುಂದಾಪುರದವನು ಅಂತ ಒಬ್ಬರು, ಅಲ್ಲ ಕಾರ್ಕಳದವನು ಅಂತ ಇನ್ನೊಬ್ಬರು. ಎಲ್ಲರೂ ‘ಏ ಛೋಟು’ ಅಂತಲೇ ಕರೆದದ್ದು, ಹೆಸರು ಎಲ್ಲಿಂದ ಬರಬೇಕು?

ಆಗ ಡೊಂಬಿವಲಿ ಚಿಕ್ಕಪ್ಪ ಬರೆದರು. ಹುಟ್ಟುಹಬ್ಬಕ್ಕೂ ಬಾಯಿ ಬಿಡದವರು ಅವರು. ‘ನನಗೆ ಗೊತ್ತು. ರಾತ್ರಿಶಾಲೆಯಲ್ಲಿ ನನ್ನ ಪಕ್ಕದ ಬೆಂಚು. ಹಾಜರಿ ಕೂಗುವಾಗ ಮಾತ್ರ ಅವನ ಪೂರ್ತಿ ಹೆಸರು ಕೇಳಿಸುತ್ತಿತ್ತು. ಲೆಕ್ಕಕ್ಕಿಲ್ಲದವರ ಹೆಸರು ಲೆಕ್ಕಕ್ಕಿಲ್ಲದವರಿಗೇ ಗೊತ್ತಿರುವುದು.’

ಹಿಂದೆಯೇ ಒಂದು ಫೋಟೊ. ದೊಡ್ಡಪ್ಪನ ಮಗಳ ಮದುವೆಯ ಕರೆಯೋಲೆ. ಎಷ್ಟು ವರ್ಷದಿಂದ ತೆಗೆದಿಟ್ಟಿದ್ದರೋ! ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಅಣ್ಣತಮ್ಮಂದಿರಿದ್ದಾರೆ, ಅಳಿಯಂದಿರಿದ್ದಾರೆ, ಇನ್ನೂ ಹಲ್ಲು ಬಾರದ ಮೊಮ್ಮಗುವಿನ ಹೆಸರೂ ಇದೆ. ಚಿಕ್ಕಪ್ಪನದಿಲ್ಲ. ಕೊನೆಯಲ್ಲಿ ‘ಹಾಗೂ ಬಂಧುಮಿತ್ರರು’. ಆ ಎರಡು ಪದಗಳ ಸುತ್ತ ಕೆಂಪು ವೃತ್ತ.

‘ಪ್ರೆಸ್‌ನವರ ತಪ್ಪು’ ಅಂದರು ದೊಡ್ಡಪ್ಪ.

‘ಪ್ರೂಫ್ ನೋಡಿದ್ದು ಯಾರು?’

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ತುಂಬಾ ಹೊತ್ತು ತೋರಿಸಿತು. ಏನೂ ಬರಲಿಲ್ಲ. ‘ಹಿರಿಯರಿಗೆ ಹೀಗೆಲ್ಲ ಕೇಳಬಾರದು’ ಅಂತ ದೊಡ್ಡಮ್ಮ ಬರೆದು, ಅಳಿಸಿದರು. ಅಳಿಸುವ ಮೊದಲೇ ಎಲ್ಲರೂ ಓದಿಯಾಗಿತ್ತು. ಚಿಕ್ಕಪ್ಪನ ಪರ ಇಬ್ಬರು, ದೊಡ್ಡಪ್ಪನ ಪರ ಮೂವರು ನಿಂತರು. ಅತ್ತೆ ಇಬ್ಬರಿಗೂ ಕೈಮುಗಿದರು. ಯುನೆಸ್ಕೊದ ಸುದ್ದಿ ಯಾರಿಗೂ ಬೇಕಾಗಿರಲಿಲ್ಲ. ಭಾವ ಮಾತ್ರ ‘ಮೂಲ ಇನ್ನೂ ಬಂದಿಲ್ಲ’ ಅಂತ ಮತ್ತೆ ಬರೆದರು.

ಫೆಬ್ರವರಿಯಲ್ಲಿ ಮೊಮ್ಮಗನ ಉಪನಯನ. ಕರೆಯೋಲೆ ಬರೆಯುವ ಕೆಲಸವನ್ನು ದೊಡ್ಡಪ್ಪ ನನ್ನ ತಲೆಗೆ ಕಟ್ಟಿದ್ದಾರೆ. ಹೆಸರುಗಳು ಈಗಲೇ ಎರಡನೇ ಪುಟಕ್ಕೆ ಹೋಗಿವೆ.