ಹಳೇ ಪ್ರೋಗ್ರಾಂನಲ್ಲಿ ಸರಿ, ಹೊಸದರಲ್ಲಿ ಕನ್ನಡ ಚೆಲ್ಲಾಪಿಲ್ಲಿ

ಪ್ರಶ್ನೆ: ಸರ್, ನಮ್ಮ ಲೈಬ್ರರಿ ಸದಸ್ಯರ ಹೆಸರುಗಳು ಮೈಎಸ್‌ಕ್ಯುಎಲ್‌ನಲ್ಲಿ ಕನ್ನಡದಲ್ಲಿವೆ. ಟೇಬಲ್ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರ ಹಿಡಿಸುವ ಕ್ರಮ). ಹಳೇ ಪಿಎಚ್‌ಪಿ ಪ್ರೋಗ್ರಾಂನಲ್ಲಿ ಸರಿಯಾಗಿ ಕಾಣುತ್ತವೆ. ಹೊಸದರಲ್ಲಿ ಅವೇ ಹೆಸರುಗಳು ಫ್ರೆಂಚ್ ಅಕ್ಷರ, ಚುಕ್ಕೆಗಳ ಸಾಲು. ಹೊಸದರಲ್ಲಿ ಸೇರಿಸಿದ ಹೆಸರನ್ನು ಹಳೇದರಲ್ಲಿ ತೆರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆ. ಡೇಟಾ ಹೋಯಿತಾ?

ಉತ್ತರ: ಹೋಗಿಲ್ಲ. ಆದರೆ ಹಳೇ ಪ್ರೋಗ್ರಾಂ ಈಗಲೇ ನಿಲ್ಲಿಸಿ. ಪ್ರಶ್ನಾರ್ಥಕ ಚಿಹ್ನೆ ಕಾಣುವ ಹೆಸರನ್ನು ಯಾರಾದರೂ ಅಲ್ಲಿ ತೆರೆದು ಸುಮ್ನೆ ಸೇವ್ ಒತ್ತಿದರೂ ಆ ಚಿಹ್ನೆಗಳೇ ಟೇಬಲ್‌ನಲ್ಲಿ ಕೂರುತ್ತವೆ. ಆಮೇಲೆ ಹೆಸರು ವಾಪಸ್ ಬರುವುದಿಲ್ಲ.

ಪ್ರೋಗ್ರಾಂ ತನ್ನ ಎನ್‌ಕೋಡಿಂಗ್ (ಅಕ್ಷರವನ್ನು ಬೈಟ್ ಆಗಿ ಬರೆಯುವ ಕ್ರಮ) ಯಾವುದೆಂದು ಸರ್ವರ್‌ಗೆ ಮೊದಲೇ ಹೇಳಬೇಕು. ‘ಸೆಟ್ ನೇಮ್ಸ್’ ಆದೇಶ ಇರುವುದು ಅದಕ್ಕೇ. ಹೇಳದಿದ್ದರೆ ಮೈಎಸ್‌ಕ್ಯುಎಲ್‌ನ ಹಳೇ ಆವೃತ್ತಿಗಳು ಲ್ಯಾಟಿನ್1 (ಪಶ್ಚಿಮ ಯುರೋಪಿನ ಅಕ್ಷರಗಳ ಎನ್‌ಕೋಡಿಂಗ್) ಅಂದುಕೊಳ್ಳುತ್ತಿದ್ದವು. 8.0ರಿಂದ ಯುಟಿಎಫ್8ಎಂಬಿ4 (ಮೈಎಸ್‌ಕ್ಯುಎಲ್‌ನ ಪೂರ್ಣ ಯುಟಿಎಫ್-8) ತಾನಾಗಿ ಬರುತ್ತದೆ. ‘ಕ’ ಅಂದರೆ 3 ಬೈಟ್: ಇ0, ಬಿ2, 95. ನಿಮ್ಮ ಸರ್ವರ್ ಅವನ್ನು 3 ಲ್ಯಾಟಿನ್ ಅಕ್ಷರ ಎಂದು ತಿಳಿದು, ಒಂದೊಂದನ್ನೂ ಮತ್ತೆ ಯುಟಿಎಫ್-8 ಮಾಡಿ ಇಟ್ಟಿದೆ. ಒಂದು ‘ಕ’ಗೆ 7 ಬೈಟ್! ಓದುವಾಗ ಅದೇ ತಪ್ಪು ಉಲ್ಟಾ ನಡೆದು ಸರಿ ಕಾಣುತ್ತಿತ್ತು. ಹೊಸ ಪ್ರೋಗ್ರಾಂ ಸರಿಯಾಗಿ ಕೇಳುತ್ತಿದೆ, ಅದಕ್ಕೇ ಬಣ್ಣ ಬಯಲಾಗಿದೆ.

ಬ್ಯಾಕಪ್ ತೆಗೆದು, ಹೆಸರಿನ ಕಾಲಂ ಮೇಲೆ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಓಡಿಸಿ. ಇ0ಬಿ2 ಎಂದು ಶುರುವಾದರೆ ಸರಿಯಿದೆ, ಮುಟ್ಟಬೇಡಿ. ಸಿ3ಎ0ಸಿ2ಬಿ2 ಎಂದು ಶುರುವಾದ ಸಾಲುಗಳನ್ನು ಮಾತ್ರ ಮೊದಲು ಲ್ಯಾಟಿನ್1ಗೆ, ಆಮೇಲೆ ಬೈನರಿಗೆ, ಕೊನೆಗೆ ಯುಟಿಎಫ್8ಎಂಬಿ4ಗೆ ಕನ್ವರ್ಟ್ ಮಾಡಿ. ಬರೀ 3ಎಫ್ (ಪ್ರಶ್ನಾರ್ಥಕ ಚಿಹ್ನೆಯ ಬೈಟ್) ಕಂಡರೆ ಅದು ನಿಜಕ್ಕೂ ಹೋಗಿದೆ.

ಇದನ್ನು ಮೈಎಸ್‌ಕ್ಯುಎಲ್ ಒಳಗೇ ಮಾಡಿ. ನಮ್ಮ ಹಲಂತದ ಕೊನೆಯ ಬೈಟ್ 8ಡಿ. ಮೈಎಸ್‌ಕ್ಯುಎಲ್‌ನ ಲ್ಯಾಟಿನ್1ಗೆ ಆಧಾರವಾದ ವಿಂಡೋಸ್-1252 ಅಕ್ಷರಪಟ್ಟಿಯಲ್ಲಿ ಆ ಜಾಗ ಖಾಲಿ. ಮೈಎಸ್‌ಕ್ಯುಎಲ್ ತನ್ನ ಲ್ಯಾಟಿನ್1ನಲ್ಲಿ ಅದನ್ನು ಹಾಗೇ ಉಳಿಸಿಕೊಳ್ಳುತ್ತದೆ. ಪೈಥಾನ್‌ನ ಸಿಪಿ1252 (ಅದೇ ಪಟ್ಟಿ) ಮಾತ್ರ ಒತ್ತಕ್ಷರ ಬಂದಲ್ಲೆಲ್ಲ ಎರರ್ ಕೊಡುತ್ತದೆ.

ಪ್ರಶ್ನೆ: ಕಾಪಿ ಟೇಬಲ್‌ನಲ್ಲಿ ಮಾಡಿ ನೋಡಿದೆ ಸರ್, ಹೆಸರುಗಳು ಬಂದವು! ಐದಾರು ಉದ್ದದ ಹೆಸರುಗಳು ಮಾತ್ರ ಪೂರ್ತಿ ಬರುತ್ತಿಲ್ಲ.

ಉತ್ತರ: ಕಾಲಂ 50 ಅಕ್ಷರದ್ದು ಅಲ್ವಾ? ಹಳೇ ಲೆಕ್ಕದಲ್ಲಿ ಗುಣಿತದ ಚಿಹ್ನೆ, ಹಲಂತ ಸೇರಿ ಒಂದೊಂದಕ್ಕೂ 3 ಜಾಗ ಹೋಗಿದೆ. ಅಂದರೆ 16 ಮಾತ್ರ ಹಿಡಿಸುತ್ತದೆ. ‘ಲಕ್ಷ್ಮೀನರಸಿಂಹಯ್ಯ’ ಒಂದೇ 16. ಮುಂದೆ ಇನಿಷಿಯಲ್ ಇದ್ದರೆ ಬಾಲ ತುಂಡು. ಸ್ಟ್ರಿಕ್ಟ್ ಮೋಡ್ (ಹಿಡಿಸದ ಡೇಟಾ ತಿರಸ್ಕರಿಸುವ ಸೆಟ್ಟಿಂಗ್) ಇಲ್ಲದ ಸರ್ವರ್ ಸದ್ದಿಲ್ಲದೆ ಕತ್ತರಿಸಿಬಿಡುತ್ತದೆ. ಆ ಐದಾರನ್ನು ಸದಸ್ಯತ್ವದ ಅರ್ಜಿ ನೋಡಿ ಕೈಯಲ್ಲೇ ಟೈಪ್ ಮಾಡಿ.