‘ಓಕುಳಿ’ ಮತ್ತು ‘ಬಣ್ಣ’: ಬಾಗಲಕೋಟೆ ಕಡೆಯ ಬಳಕೆ

ಮಾನ್ಯರೇ,

ಹೋಳಿ ಹುಣ್ಣಿಮೆ ಬಂತೆಂದರೆ ಪತ್ರಿಕೆಗಳಲ್ಲಿ ‘ಬಣ್ಣದೋಕುಳಿಯಲ್ಲಿ ಮಿಂದೆದ್ದ ಜನ’ ಎಂಬಂಥ ತಲೆಬರಹಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಬಾಗಲಕೋಟೆಯ ಮನೆಮಾತಿನಲ್ಲಿ ಆ ದಿನಗಳಿಗೆ ಓಕುಳಿ ಎಂಬ ಹೆಸರು ಕಡಿಮೆ. ಇಲ್ಲಿ ‘ಬಣ್ಣ ಆಡೂದು’ ಎನ್ನುತ್ತಾರೆ. ಪೀಪಾಯಿಗಳಲ್ಲಿ ಬಣ್ಣದ ನೀರು ತುಂಬಿಕೊಂಡು ಓಣಿ ಓಣಿ ಸುತ್ತುವ ಗಾಡಿ, ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೂ, ‘ಬಣ್ಣದ ಬಂಡಿ’ಯಾಗಿಯೇ ಉಳಿದಿದೆ.

‘ಓಕಳಿ’ ಎಂದರೆ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಬೇರೆಯೇ ಹಬ್ಬ. ಯುಗಾದಿ ಕಳೆದ ಮೇಲೆ, ಬಿಸಿಲು ಏರಿದ ದಿನಗಳಲ್ಲಿ, ಹನುಮಪ್ಪನ ಗುಡಿಯ ಮುಂದಿನ ಹೊಂಡಕ್ಕೆ ನೀರು ತುಂಬಿಸುತ್ತಾರೆ. ಗಂಡಸರು ಆ ನೀರನ್ನು ಕೊಡಗಳಲ್ಲಿ ಮೊಗೆದು ಎರಚಿದರೆ, ಹೆಂಗಸರು ಹಗ್ಗದಂತೆ ಹುರಿಗೊಳಿಸಿದ ಹಸಿ ಬಟ್ಟೆಯಿಂದ ಅವರ ಬೆನ್ನಿಗೆ ಬಾರಿಸುತ್ತಾರೆ. ನೀರು ಕುಡಿದ ಬಟ್ಟೆಯ ಏಟು ಚಾಟಿಯಷ್ಟೇ ಚುರುಕಾಗಿರುತ್ತದೆ. ಕೆಲವು ಊರುಗಳಲ್ಲಿ ಜಾರುವ ಹಾಲಗಂಬ ಏರುವ ಆಟವೂ ಇದರೊಡನೆ ನಡೆಯುತ್ತದೆ. ಈ ಆಟದಲ್ಲಿ ಮುಖ್ಯವಾದದ್ದು ನೀರೇ ಹೊರತು ಬಣ್ಣವಲ್ಲ. ಆದ್ದರಿಂದ ಓಕುಳಿಗೆ ‘ಹೋಳಿಯ ಬಣ್ಣದ ನೀರು’ ಎಂದಷ್ಟೇ ಅರ್ಥ ಹೇಳಿದರೆ ನಮ್ಮ ಕಡೆಯ ಒಂದು ಹಬ್ಬವೇ ಹೊರಗುಳಿಯುತ್ತದೆ.

ಮದುವೆಯ ಓಕುಳಿಯಲ್ಲಿ ಅರಿಸಿನದ ನೀರಿಗೆ ಸುಣ್ಣ ಬೆರೆಸುತ್ತಾರೆ. ಸುಣ್ಣ ಸೋಂಕಿದೊಡನೆ ಹಳದಿ ನೀರು ಕೆಂಪಾಗುತ್ತದೆ. ಕರಾವಳಿಯ ದೇವಸ್ಥಾನಗಳ ರಥೋತ್ಸವದಲ್ಲಿ ತೇರು ಎಳೆದ ಮೇಲೆ ಅವಭೃತದ, ಅಂದರೆ ಉತ್ಸವ ಮುಗಿಸುವ ಸ್ನಾನದ, ಜೊತೆಗೆ ಓಕುಳಿ ಬರುತ್ತದೆ. ಹೋಳಿಯಲ್ಲಿಯೂ ಬಣ್ಣದಾಟ ನಡೆಯುವುದು ಕಾಮನನ್ನು ಸುಟ್ಟ ಮೇಲೆಯೇ. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಓಕುಳಿಯ ಮೂಲ ಅರ್ಥ ಬಣ್ಣಕ್ಕಾಗಲಿ ವಸಂತಕ್ಕಾಗಲಿ ಸೇರಿದ್ದಲ್ಲ, ಒಂದು ಆಚರಣೆ ಮುಗಿದಾಗ ಆಡುವ ನೀರಾಟಕ್ಕೆ ಸೇರಿದ್ದು ಎಂದು ನನಗೆ ತೋರುತ್ತದೆ.

‘ಹೋಳಿ’ಯ ದಾರಿ ಬೇರೆ. ವೇದವಿಧಿಗಳನ್ನು ಚರ್ಚಿಸುವ ಜೈಮಿನಿ ಸೂತ್ರಗಳಿಗೆ ಶಬರಸ್ವಾಮಿ ಬರೆದ ಭಾಷ್ಯದಲ್ಲಿ ‘ಹೋಲಾಕಾ’ ಪೂರ್ವದೇಶದವರ ಆಚರಣೆಯೆಂದು ಪ್ರಸ್ತಾಪಗೊಂಡು, ಒಂದು ನಾಡಿನ ರೂಢಿ ಎಲ್ಲರಿಗೂ ಸಲ್ಲುತ್ತದೆಯೇ ಎಂಬ ಜಿಜ್ಞಾಸೆಗೆ ಉದಾಹರಣೆಯಾಗಿದೆ. 7ನೆಯ ಶತಮಾನದ ಹರ್ಷನ ‘ರತ್ನಾವಳಿ’ ನಾಟಕದಲ್ಲಿ ಜನ ಬಣ್ಣದ ಪುಡಿ ತೂರಿ, ನೀರೆರಚಿ ನಲಿಯುವುದು ಮದನೋತ್ಸವದಲ್ಲಿ, ಅಲ್ಲಿ ಕಾಮನಿಗೆ ಪೂಜೆ ಸಲ್ಲುತ್ತದೆ. ನಮ್ಮಲ್ಲಿ ಅದೇ ಕಾಮನನ್ನು ಕುಳ್ಳು-ಕಟ್ಟಿಗೆ ಒಟ್ಟಿ ಸುಟ್ಟು, ಬಾಯಿ ಬಡಿದುಕೊಂಡು ಬೊಬ್ಬೆ ಹಾಕುತ್ತಾರೆ. ಹೋಲಿಕಾ–ಪ್ರಹ್ಲಾದರ ಕಥೆಯನ್ನು ಇಂದು ಎಲ್ಲರೂ ಹೇಳುತ್ತಾರಾದರೂ ಹಲಗೆಯ ಸದ್ದಿನ ನಡುವೆ ಕೇಳಿಬರುವುದು ಕಾಮಣ್ಣನ ಹೆಸರೇ.

ಓಕುಳಿಯ ಅರ್ಥವಿವರಣೆಯಲ್ಲಿ ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಹಿಂದೆ ಅನೇಕ ಊರುಗಳಲ್ಲಿ ಈ ಆಟಕ್ಕೆ ದೇವದಾಸಿಯರನ್ನು, ದಲಿತ ಹೆಣ್ಣುಮಕ್ಕಳನ್ನು ಕಟ್ಟುಪಾಡಿನಿಂದ ಇಳಿಸುತ್ತಿದ್ದರು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ ಆದದ್ದು 1982ರಲ್ಲಿ. ಈಗ ಓಕುಳಿಯನ್ನು ಬರಿಯ ಸಡಗರವೆಂದು ಬಣ್ಣಿಸುವ ಬರಹಗಳು ಆ ಹೆಂಗಸರು ಕಂಡ ಅವಮಾನವನ್ನು ಅಳಿಸಿಬಿಡುತ್ತವೆ, ಅದು ಸರಿಯಲ್ಲ.

ನನ್ನ ಪ್ರಶ್ನೆ ಇಷ್ಟು: ಬೆಳಗಾವಿಯ ಗಡಿಭಾಗದಲ್ಲಿ, ಹಳೆ ಮೈಸೂರು ಸೀಮೆಯಲ್ಲಿ, ಮಲೆನಾಡಿನಲ್ಲಿ ‘ಓಕುಳಿ’ ಎಂದೊಡನೆ ಹಿರಿಯರು ಯಾವ ಆಟವನ್ನು ಹೇಳುತ್ತಾರೆ, ಯಾವ ಮಾಸದಲ್ಲಿ, ಯಾವ ದೇವರ ಮುಂದೆ? ಅದರಲ್ಲಿ ಬಳಸುವುದು ಬರಿಯ ನೀರೋ, ಅರಿಸಿನ-ಸುಣ್ಣದ ನೀರೋ ಎಂಬುದನ್ನೂ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.